ರೂವಿಯಲ್ಲಿ ಹೊಲಿಸಿದ ಕರಿಕೋಟು

ಮಸ್ಕತ್ತಿನ ಸೆಕೆಗೆ ಕಪ್ಪು ಉಣ್ಣೆಯ ಬಟ್ಟೆ ತರಿಸುವ ವ್ಯಾಪಾರಿಯ ತಲೆ ಸರಿಯಿಲ್ಲ ಎಂದೇ ಹೇಳಬೇಕು. ನನ್ನ ತಲೆ ಸರಿಯಿತ್ತು. ದುಬೈಯ ಸಗಟು ಅಂಗಡಿಯವನು ಟೆರಿಕಾಟಿನ ಥಾನುಗಳ ನಡುವೆ ತನ್ನಲ್ಲಿ ಖರ್ಚಾಗದ ಒಂದು ಕಪ್ಪು ಥಾನನ್ನೂ ತುರುಕಿ ಕಳಿಸಿದ್ದ. ವಾಪಸು ಕಳಿಸುವ ಲಾರಿ ಬಾಡಿಗೆಗಿಂತ ಸುಮ್ಮನಿರುವುದೇ ಲಾಭವಾದ್ದರಿಂದ ಅದು ರೂವಿಯ ನನ್ನ ಅಂಗಡಿಯ ಮೇಲಿನ ಕಪಾಟಿನಲ್ಲಿ ಎರಡು ಬೇಸಗೆ ಮಲಗಿತ್ತು. ಜೂನ್ ತಿಂಗಳಲ್ಲಿ ಅತ್ತ ಕಣ್ಣು ಹಾಯಿಸಿದರೂ ಕುತ್ತಿಗೆ ಬೆವರುತ್ತಿತ್ತು.

ಅದಕ್ಕೆ ಗಿರಾಕಿಯಾಗಿ ಬಂದವನು ಫೌಸ್ಟಿನ್. ಸಾವಿರದ ಒಂಬೈನೂರ ಎಂಬತ್ತನಾಲ್ಕು. ಶುಕ್ರವಾರ, ರೂವಿಯ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದಿದ್ದ. ತೆಳ್ಳಗಿನ ಆಳು, ಎಣ್ಣೆ ಹಾಕಿ ಬಾಚಿದ ತಲೆ.

"ಭೋಜಣ್ಣ, ಕರಿ ಬಟ್ಟೆ ಉಂಟಾ? ಒಂದು ಕೋಟಿಗೆ ಆಗುವಷ್ಟು."

"ಮದುವೆಯಾ?"

"ಅಲ್ಲ. ಕೋರ್ಟಿಗೆ."

ನಮ್ಮ ದರ್ಜಿ ಪೂವಪ್ಪ ಮಿಷನ್ ನಿಲ್ಲಿಸಿ ಕತ್ತೆತ್ತಿದ. "ಕೋರ್ಟಿಗಾ? ಬಂದು ಮೂರು ತಿಂಗಳಾಗ್ಲಿಲ್ಲ, ಆಗ್ಲೇ ಕೇಸು ಮೈಮೇಲೆ ಹಾಕ್ಕೊಂಡ್ರಾ ಪೊರ್ಬುಗಳೇ?"

ತುಳುವರಾದ ನಾವು ಮಂಗಳೂರಿನ ಕ್ರಿಶ್ಚಿಯನ್ನರನ್ನು ಪೊರ್ಬುಗಳೆಂದು ಕರೆಯುವುದು ಮರ್ಯಾದೆಗೆ. ಪೂವಪ್ಪನ ಬಾಯಲ್ಲಿ ಮರ್ಯಾದೆಯೂ ಸ್ವಲ್ಪ ಡೊಂಕಾಗಿಯೇ ಹೊರಡುತ್ತಿತ್ತು. ಫೌಸ್ಟಿನ್ ನಗಲಿಲ್ಲ. ತಾನು ಅರ್ಧ ವಕೀಲನೆಂದೂ, ಮೂರು ವರ್ಷದ ಕ್ಲಾಸು ಮುಗಿದಿದೆಯೆಂದೂ, ಮೂರು ಪೇಪರು ಮಾತ್ರ ಬಾಕಿಯೆಂದೂ, ರಜೆಯಲ್ಲಿ ಹೋಗಿ ಅವನ್ನು ಬರೆದು ಸನ್ನದು ಪಡೆಯುವುದೇ ಎಂದೂ ಹೇಳಿದ. ಗಲ್ಫಿನ ಮೊದಲ ಸಂಬಳಗಳಲ್ಲಿ ಬೇರೆಯವರು ಟೇಪ್‌ರೆಕಾರ್ಡರ್ ಕೊಂಡರೆ ಈತನಿಗೆ ಕೋಟು ಬೇಕು. ನಾನು ಆ ಥಾನನ್ನು ಇಳಿಸಿ, ಧೂಳು ಕೊಡವಿ, ಇಂಗ್ಲೆಂಡಿನ ಮಾಲು ಎಂದೆ. ಇಂಗ್ಲೆಂಡಿನದು ಇದ್ದರೂ ಇರಬಹುದಿತ್ತು.

ಇವನ ತಂದೆ ಸಿಪ್ರಿಯನ್ ಪೊರ್ಬುಗಳು ಶಿರ್ವದ ಕಡೆ ಪೋಸ್ಟ್‌ಮ್ಯಾನ್. ಮನಿಯಾರ್ಡರು ತಂದಾಗ ಜನ ಎಳನೀರು ಕೆತ್ತಿ ಕೊಡುತ್ತಿದ್ದರು. ವಕೀಲರ ರಿಜಿಸ್ಟರ್ಡ್ ನೋಟೀಸು ತಂದಾಗ ಸಹಿ ಹಾಕಿ, ಬಾಯಾರಿತೇ ಎಂದು ಕೇಳುವುದನ್ನೂ ಮರೆಯುತ್ತಿದ್ದರು. ಒಂದು ಹಾಳೆ ಕಾಗದಕ್ಕೆ ಇಷ್ಟು ಶಕ್ತಿಯೇ ಎಂದು ಸೈಕಲಿನ ಮೇಲಿಂದ ನೋಡಿದ ಮನುಷ್ಯ, ಮಗ ಕಾಗದ ಹಂಚುವವನಾಗುವುದು ಬೇಡ, ಕಳಿಸುವವನಾಗಲಿ ಎಂದು ಮಂಗಳೂರಿನ ಲಾ ಕಾಲೇಜಿಗೆ ಸೇರಿಸಿದರು.

ಲಾ ಕಾಲೇಜಿನ ಕೊನೆಯ ವರ್ಷದ ಬೆಂಚಿನಲ್ಲಿ ಎಲ್ಲರಿಗೂ ಚಿಂತೆ ಒಂದೇ: ಯಾರ ಆಫೀಸು? ಅಪ್ಪ ವಕೀಲನಾಗಿದ್ದವನಿಗೆ ಅಪ್ಪನ ಆಫೀಸು. ಮಾವ ವಕೀಲನಾಗುವಂತೆ ಮದುವೆಯಾದವನಿಗೆ ಮಾವನ ಆಫೀಸು. ಬುದ್ಧಿಯಿದ್ದವನು ಬ್ಯಾಂಕ್ ಪರೀಕ್ಷೆ ಬರೆದ, ಬಾಯಿಯಿದ್ದವನು ಇನ್ಶೂರೆನ್ಸ್ ಏಜೆಂಟನಾದ. ಪೋಸ್ಟ್‌ಮ್ಯಾನನ ಮಗನಿಗೆ ಯಾರ ಆಫೀಸು? ಒಬ್ಬ ದೊಡ್ಡ ವಕೀಲರ ಬಳಿ ಹೋಗಿ ನಿಂತನಂತೆ. ಅವರು ಕನ್ನಡಕ ಸರಿಸಿ ನೋಡಿದರು.

"ಬಾ. ಕುರ್ಚಿ ಉಂಟು."

"ಸಂಬಳ ಸರ್?"

"ಜೂನಿಯರಿಗೆ ಎಂತ ಸಂಬಳ? ಐದು ವರ್ಷ ನನ್ನ ಫೈಲು ಹೊರು. ಆಮೇಲೆ ಕುರ್ಚಿ ಇನ್ನೂ ಗಟ್ಟಿ ಇದ್ರೆ ನೋಡುವ."

ಅದೇ ವಾರ ಮಸ್ಕತ್ತಿನಿಂದ ತಾಯಿಯ ಅಣ್ಣ ವಾಲ್ಟರನ ಕಾಗದ ಬಂತು. ರೂವಿಯ ಪಕ್ಕದ ವಾದಿ ಅದಾಯ್‌ನಲ್ಲಿ ಆಫೀಸಿದ್ದ ಒಂದು ಕಂಟ್ರಾಕ್ಟಿಂಗ್ ಕಂಪನಿಗೆ ವಾಲ್ಟರ್ ಮ್ಯಾನೇಜರು. "ನಮ್ಮಲ್ಲಿ ಲೀಗಲ್ ಡಿಪಾರ್ಟ್‌ಮೆಂಟಿಗೆ ಜನ ಬೇಕು" ಎಂದು ಬರೆದಿದ್ದ. ಫೌಸ್ಟಿನ್ ಪರೀಕ್ಷೆಯ ಕೊನೆಯ ಮೂರು ಪೇಪರು ಬಿಟ್ಟು ವಿಮಾನ ಹತ್ತಿದ. ಪೇಪರು ಎಲ್ಲಿಗೆ ಓಡಿ ಹೋಗುತ್ತದೆ, ವೀಸಾ ಓಡಿ ಹೋಗುತ್ತದೆ ಎಂದು ಮನೆಯವರ ಲೆಕ್ಕ.

ವೀಸಾದಲ್ಲಿ ಬರೆದದ್ದು ಸ್ಟೋರ್‌ಕೀಪರ್ ಎಂದು. ಬಂದ ಮೊದಲ ದಿನವೇ ಮಾವನನ್ನು ಕೇಳಿದ. "ಮಾಮ್, ಲೀಗಲ್ ಡಿಪಾರ್ಟ್‌ಮೆಂಟ್ ಎಲ್ಲಿ?"

ವಾಲ್ಟರ್ ತನ್ನ ಕುರ್ಚಿಯ ಹಿಂದಿದ್ದ ಕಬ್ಬಿಣದ ಕಪಾಟು ತೆರೆದು ತೋರಿಸಿದ. ಒಳಗೆ ಕೆಲಸಗಾರರ ಪಾಸ್‌ಪೋರ್ಟುಗಳು, ರಬ್ಬರ್ ಬ್ಯಾಂಡು ಹಾಕಿ ಕಟ್ಟುಕಟ್ಟಾಗಿ. "ಇದೇ. ಬೀಗದ ಕೈ ನಿನ್ನ ಹತ್ರ ಇರ್ಲಿ. ಮತ್ತೆ ಆಫೀಸಲ್ಲಿ ಮಾಮ್ ಅಲ್ಲ, ಸರ್."

ಇಲ್ಲಿಯ ಕೋರ್ಟು ಕಚೇರಿಯೆಲ್ಲ ಅರಬ್ಬಿಯಲ್ಲಿ. ವಕೀಲಿ ಕೆಲಸಕ್ಕೆ ಈಜಿಪ್ಟಿನವರು, ಸುಡಾನಿನವರು ಇದ್ದರು. ಮಂಗಳೂರಿನ ಅರ್ಧ ಲಾ ಯಾವ ತಕ್ಕಡಿಗೂ ಏರುವಂತಿರಲಿಲ್ಲ. ಫೌಸ್ಟಿನ್ ಹಟವಾದಿ. ಕಂಪನಿಯ ಸರಕಾರಿ ಕೆಲಸಕ್ಕೆಂದು ಓಡಾಡುವ ಸೌದ ಎಂಬ ಒಮಾನಿಯ ಕಾರಿನಲ್ಲಿ ಕುಳಿತು ಅರಬ್ಬಿ ಕಲಿತ. ಇಲ್ಲಿ ಕೂದಲು ಬೆಳ್ಳಗಾದ ನಾನು ದರ ಹೇಳುವಷ್ಟು, ಚೌಕಾಸಿ ತಡೆಯುವಷ್ಟು ಅರಬ್ಬಿ ಕಲಿತಿದ್ದರೆ, ಅವನು ಎರಡೇ ವರ್ಷದಲ್ಲಿ ಸೌದನ ಜೊತೆ ಜಗಳ ಮಾಡಿ ಗೆಲ್ಲುವಷ್ಟು ಕಲಿತ. ಇದನ್ನು ಮೆಚ್ಚಿಕೊಂಡವರಲ್ಲಿ ನಾನೂ ಒಬ್ಬ.

ಶುಕ್ರವಾರ ನನ್ನ ಅಂಗಡಿಯ ಸ್ಟೂಲು ಅವನ ಕೋರ್ಟು. ಅಲ್ ಮಬೇಲಾದ ಲೇಬರ್ ಕ್ಯಾಂಪಿನಿಂದ, ವಾದಿ ಅದಾಯ್‌ನ ವರ್ಕ್‌ಶಾಪುಗಳಿಂದ ನಮ್ಮೂರಿನವರು ಬರುತ್ತಿದ್ದರು. ಒಬ್ಬನ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ರಜೆ ಕೊಡುವುದಿಲ್ಲ, ಇನ್ನೊಬ್ಬನಿಗೆ ಹೇಳಿದ ಕೆಲಸವೇ ಬೇರೆ ಕೊಟ್ಟದ್ದೇ ಬೇರೆ. ಥಾನುಗಳ ನಡುವೆ ಕುಳಿತು ಲಾಯರ್ ಪೊರ್ಬು ಬೆರಳೆತ್ತಿ ಬುದ್ಧಿ ಹೇಳುತ್ತಿದ್ದ: "ಹೆದರ್ಬಾರ್ದು. ಈ ದೇಶದಲ್ಲಿಯೂ ಕಾನೂನು ಉಂಟು. ಡ್ಯೂಟಿಯಲ್ಲಿ ಪೆಟ್ಟಾದ್ರೆ ಅದು ಕಂಪನಿಯ ಜವಾಬ್ದಾರಿ. ಲೇಬರ್ ಆಫೀಸಿಗೆ ಹೋಗಿ ನಿಂತ್ರೆ ಅವರು ಕೇಳಿಯೇ ಕೇಳ್ತಾರೆ." ಫೀಸು ತೆಗೆದುಕೊಳ್ಳುತ್ತಿರಲಿಲ್ಲ. ಸರದಿಗೆ ಕಾಯುವವರು ಮಾತ್ರ ಸುಮ್ಮನೆ ನಿಲ್ಲಲು ನಾಚಿ ಒಂದೊಂದು ಶರ್ಟ್ ಪೀಸು ಹರಿಸಿಕೊಳ್ಳುತ್ತಿದ್ದರು. ಹಾಗಾಗಿ ಆ ಕೋರ್ಟಿನ ಮೇಲೆ ನನಗೆ ಬಹಳ ಗೌರವವಿತ್ತು.

ಆದರೆ ಆ ಮೂರು ಪೇಪರು? ನಮ್ಮ ಗಲ್ಫಿನವರ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಕಂಪನಿಯವರು ರಜೆ ಕೊಡುವುದು ಎರಡು ವರ್ಷಕ್ಕೊಮ್ಮೆ. ಊರಿನಲ್ಲಿ ಆಗಬೇಕಾದದ್ದೆಲ್ಲ ಆ ರಜೆಗೆ ಕಾಯುತ್ತದೆ. ನಿಶ್ಚಿತಾರ್ಥ, ಮದುವೆ, ನಾಮಕರಣ, ಬಾವಿ ತೋಡುವುದು, ಅಜ್ಜಿಯ ಕಣ್ಣಿನ ಆಪರೇಶನ್, ಎಲ್ಲಕ್ಕೂ "ಅವನು ಬರ್ಲಿ" ಎಂಬ ಒಂದೇ ಮುಹೂರ್ತ. ಪರೀಕ್ಷೆಯೊಂದೇ ಕಾಯುವುದಿಲ್ಲ. ಎಂಬತ್ತಾರರಲ್ಲಿ ಫೌಸ್ಟಿನ್ ಪರೀಕ್ಷೆಯ ತಿಂಗಳನ್ನು ನೋಡಿಯೇ ರಜೆ ತೆಗೆದುಕೊಂಡ. ಮುಷ್ಕರವೆಂದು ಪರೀಕ್ಷೆ ಮುಂದಕ್ಕೆ ಹೋಯಿತು. ಅದು ಶುರುವಾಗುವಾಗ ಇವನು ಅಲ್ ಮಬೇಲಾದಲ್ಲಿ ಸಿಮೆಂಟಿನ ಚೀಲ ಎಣಿಸುತ್ತಿದ್ದ. ಎಂಬತ್ತೆಂಟರಲ್ಲಿ ಪರೀಕ್ಷೆ ಸರಿಯಾದ ಸಮಯಕ್ಕೇ ಬಂತು, ಆದರೆ ಅಣ್ಣ ಬರುತ್ತಾನೆಂದು ತಂಗಿ ಮಾರ್ಸೆಲಿನಳ ಮದುವೆಯನ್ನೂ ಮನೆಯವರು ಅದೇ ವಾರ ಇಟ್ಟುಬಿಟ್ಟಿದ್ದರು. ಮೊದಲ ಪೇಪರಿನ ಹಿಂದಿನ ದಿನವೇ ರೋಸ್ ಶಾಸ್ತ್ರ. ವಧುವಿಗೆ ತೆಂಗಿನಹಾಲು ಹಚ್ಚುವ ಆ ಗಲಾಟೆಯಲ್ಲಿ ಚಪ್ಪರದ ಕುರ್ಚಿ, ಹಂದಿ, ಬ್ಯಾಂಡಿನವರು ಎಲ್ಲವನ್ನೂ ನೋಡಿಕೊಂಡು ಬೆಳಿಗ್ಗೆ ಪರೀಕ್ಷೆಯ ಹಾಲಿಗೆ ಹೋಗಿ ಕುಳಿತವನು ಎರಡನೆಯ ಪ್ರಶ್ನೆಯ ಮೇಲೆಯೇ ತಲೆಯಿಟ್ಟು ನಿದ್ದೆ ಹೋದ. ಉಳಿದ ಎರಡು ಪೇಪರಿಗೆ ಹೋಗಲೇ ಇಲ್ಲ. ಮೇಲ್ವಿಚಾರಕರು ಒಳ್ಳೆಯವರು, ಎಬ್ಬಿಸಲಿಲ್ಲ.

ಪ್ರತಿ ಸಲ ಊರಿಗೆ ಹೊರಡುವ ಮುಂಚೆ ಕೋಟನ್ನು ತಂದು ಹಾಕಿ ನೋಡುತ್ತಿದ್ದ. ಮೆಸ್ಸಿನ ಖುಬ್ಬೂಸು, ಪರೋಟ ಮೈಗೆ ಹತ್ತಿತ್ತು. ಎಂಬತ್ತೆಂಟರಲ್ಲಿ ಎರಡನೆಯ ಸಲ ಅಂಚು ಬಿಚ್ಚುವಾಗ ಪೂವಪ್ಪ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೇಳಿದ: "ಪೊರ್ಬುಗಳೇ, ಒಳಗೆ ಇನ್ನು ಎರಡು ಸಲ ಬಿಚ್ಚುವಷ್ಟು ಬಟ್ಟೆ ಬಿಟ್ಟಿದ್ದೇನೆ. ಅಷ್ಟರೊಳಗೆ ಪಾಸಾಗಿ."

ಎಂಬತ್ತೊಂಬತ್ತರ ಆರಂಭದಲ್ಲಿ ಊರಿನಿಂದ ಸುದ್ದಿ ಬಂತು. ಹಳೆಯ ಸ್ಕೀಮಿನವರಿಗೆ ಆ ವರ್ಷದ ಮೇ ತಿಂಗಳಿನದೇ ಕೊನೆಯ ಪರೀಕ್ಷೆ. ಆಮೇಲೆ ಬರೆಯಬೇಕಾದರೆ ಮೊದಲ ವರ್ಷದಿಂದ ಮತ್ತೆ ಸೇರಬೇಕು. ಫೌಸ್ಟಿನ್‌ನ ರಜೆ ಇದ್ದದ್ದು ತೊಂಬತ್ತಕ್ಕೆ.

"ಈ ಮೇ ಬಿಟ್ರೆ ಖಲಾಸ್, ಭೋಜಣ್ಣ. ಮತ್ತೆ ಜೀವಮಾನವಿಡೀ ಸ್ಟೋರ್‌ಕೀಪರ್."

"ವಾಲ್ಟರಿಗೆ ಹೇಳಿ ನೋಡು. ಸ್ವಂತ ಮಾವ ಅಲ್ವಾ?"

"ಹೇಳಿದೆ. ಆಫೀಸಲ್ಲಿ ಮಾವ ಇಲ್ಲ ಅಂದ್ರು."

ಇದೇ ಹೊತ್ತಿಗೆ ಕೊರಗಪ್ಪನ ಬಲಗೈ ಹೋಯಿತು. ಬೆಳ್ಮಣ್ಣಿನ ಕಡೆಯ ಬಡಗಿ. ಕಾಂಕ್ರೀಟಿಗೆ ಹಲಗೆ ಕಟ್ಟುವ ಕೆಲಸಕ್ಕೆ ಅದೇ ಕಂಪನಿಗೆ ಬಂದವನು. ಹಲಗೆ ಕೊಯ್ಯುವ ಯಂತ್ರಕ್ಕೆ ಇರಬೇಕಾದ ತಗಡಿನ ಮುಚ್ಚಳ ತಿಂಗಳುಗಟ್ಟಲೆ ಇರಲಿಲ್ಲ. ಹೆಬ್ಬೆರಳು ಉಳಿಯಿತು, ಉಳಿದವು ಮಬೇಲಾದ ಮರಳಿನಲ್ಲಿ ಬಿದ್ದವು. ಆಸ್ಪತ್ರೆಯಿಂದ ಬಂದವನಿಗೆ ಕಂಪನಿಯವರು ಟಿಕೆಟು ಕೊಟ್ಟು ಊರಿಗೆ ಹೋಗು ಎಂದರು. ಕೊರಗಪ್ಪ ಹೋಗಲಿಲ್ಲ. ನನ್ನ ಅಂಗಡಿಯಲ್ಲಿ ನಿಂತು ಶುಕ್ರವಾರದ ಕೋರ್ಟು ಕೇಳಿದವನು ಅವನು. ಡ್ಯೂಟಿಯಲ್ಲಿ ಪೆಟ್ಟಾದರೆ ಏನು ಮಾಡಬೇಕೆಂದು ಪೊರ್ಬುಗಳು ಹೇಳಿದ್ದರು. ಹಾಗೆಯೇ ಮಾಡಿದ. ಬ್ಯಾಂಡೇಜು ಕಟ್ಟಿದ ಕೈಯಲ್ಲಿ ಬಸ್ಸು ಹತ್ತಿ ಲೇಬರ್ ಆಫೀಸಿಗೆ ಹೋಗಿ ದೂರು ಕೊಟ್ಟ.

ಆ ವಾರ ಫೌಸ್ಟಿನ್ ಅಂಗಡಿಗೆ ಬಂದವನು ಸ್ಟೂಲಿನಲ್ಲಿ ಕೂರಲಿಲ್ಲ.

"ಕೊರಗಪ್ಪನ ಕೇಸು ಗೆಲ್ತದಾ?" ಎಂದೆ.

"ಗೆಲ್ತದೆ. ನಿಂತ್ರೆ ಗೆಲ್ತದೆ." ಅಳತೆಯ ಟೇಪು ಸುತ್ತುತ್ತ ಬಿಚ್ಚುತ್ತ ನಿಂತ. "ವಾಲ್ಟರ್ ಸರ್ ನನ್ನ ಟಿಕೆಟ್ ಬುಕ್ ಮಾಡಿ ಮೇಜಿನ ಮೇಲೆ ಇಟ್ಟಿದ್ದಾರೆ. ಮೇ ತಿಂಗಳಿಗೆ. ಅವನ ವಿಷಯ ಮುಗ್ಸಿ ಬಾ, ತಗೊಂಡು ಹೋಗು ಅಂತ."

"ನೀನೆಂತ ಹೇಳಿದಿ?"

"ಒಂದು ವೇಳೆ ಅವನೇ ಬಿಟ್ರೆ ಅದು ಅವನ ಇಷ್ಟ ಅಲ್ವಾ ಭೋಜಣ್ಣ? ಕೇಸು ಅಂದ್ರೆ ತಿಂಗಳುಗಟ್ಟಲೆ. ಅಲ್ಲಿವರೆಗೆ ಕ್ಯಾಂಪಲ್ಲಿ ಅವನಿಗೆ ಊಟ ಹಾಕುವವರು ಯಾರು?"

ವಕೀಲನಾಗಲು ಬೇಕಾದ ವಿದ್ಯೆ ಆಗಲೇ ಬಂದಿದೆ ಎಂದುಕೊಂಡೆ. ಬಾಯಲ್ಲಿ, "ಕೋಟು ಬಿಚ್ಚಿ ಹೊಲಿಸ್ಲಿಕ್ಕುಂಟಾ?" ಎಂದೆ. ಉಂಟು ಎಂದ.

ಲೇಬರ್ ಆಫೀಸಿನಲ್ಲಿ ಆದದ್ದನ್ನು ನನಗೆ ಹೇಳಿದವನು ಉಮರಬ್ಬ ಬ್ಯಾರಿ. ನನ್ನ ಪಕ್ಕದ ಕೆಫೆಟೇರಿಯಾ ಅವನದು. ಅಡುಗೆಯವನ ಲೇಬರ್ ಕಾರ್ಡು ಮಾಡಿಸಲು ಹೋಗಿ ಅದೇ ಕೋಣೆಯ ಬೆಂಚಿನಲ್ಲಿ ಕುಳಿತಿದ್ದ. ಅವನಿಗೆ ತುಳುವೂ ಗೊತ್ತು, ಅರಬ್ಬಿಯೂ ಗೊತ್ತು. ಬಂದವನೇ ನನ್ನ ಮುಂದೆ ಚಹಾದ ಗ್ಲಾಸು ಕುಕ್ಕಿ ಕುಳಿತ.

"ನಿಮ್ಮ ಲಾಯರ್ ಇವತ್ತು ಕೇಸು ನಡೆಸಿದ್ದು ನೋಡ್ಬೇಕಿತ್ತು ಭೋಜಣ್ಣ."

"ಯಾರ ಪರ?"

"ಅದೇ ಅಲ್ವಾ! ಅಲ್ಲಿ ಆಫೀಸಿನವರದ್ದೇ ಒಬ್ಬ ಹಿಂದಿ ಮಾತಾಡುವವನಿದ್ದ. ಕೊರಗಪ್ಪನಿಗೋಸ್ಕರ ಅವನನ್ನು ಕರಿಯುವಾ ಅಂತ ಆಫೀಸರು ಹೇಳಿದ. ಈ ಕೊರಗಪ್ಪ ಎಂತ ಹೇಳ್ಬೇಕು? ಬೇಡ ಬೇಡ, ನಮ್ಮ ಪೊರ್ಬುಗಳು ಇದ್ದಾರಲ್ಲ, ಅವರಿಗೆ ನನ್ನ ಭಾಷೆ ಬರ್ತದೆ, ಅವರೇ ಸಾಕು ಅಂತ. ಕಂಪನಿಯಿಂದ ಬಂದವನೇ ಇವನ ದುಭಾಷಿ!"

ಆಫೀಸರು ಒಳ್ಳೆಯ ಮನುಷ್ಯನಂತೆ. ಫೈಲು ಮುಚ್ಚಿಟ್ಟು, ಆ ಕೈಯನ್ನೇ ನೋಡುತ್ತ ಅರಬ್ಬಿಯಲ್ಲಿ ಉದ್ದಕ್ಕೆ ಕೇಳಿದನಂತೆ: ಈ ಕೈ ಕೆಲಸದಲ್ಲಿ ಹೋದದ್ದು, ಇದಕ್ಕೆ ಕಂಪನಿಯಿಂದ ಪರಿಹಾರ ಕೇಳುವ ಹಕ್ಕು ಇವನಿಗೆ ಉಂಟು, ಕೇಳುತ್ತಾನಾ ಬಿಡುತ್ತಾನಾ, ಅವನ ಬಾಯಿಂದಲೇ ಬರಬೇಕು, ಕೇಳು.

ಫೌಸ್ಟಿನ್ ತುಳುವಿನಲ್ಲಿ ಕೇಳಿದ: "ಕೊರಗಪ್ಪಣ್ಣ, ಊರಿಗೆ ಹೋಗ್ಬೇಕಾ?"

"ಬೇಕು ಪೊರ್ಬುಗಳೇ. ಬೇಕು."

"ಬಿಡ್ತಾನಂತೆ" ಎಂದು ಫೌಸ್ಟಿನ್ ಅರಬ್ಬಿಯಲ್ಲಿ ಹೇಳಿದ. "ಖಲಾಸ್."

ಆಫೀಸರಿಗೆ ಸಮಾಧಾನವಾಗಲಿಲ್ಲ. ಇನ್ನೊಮ್ಮೆ ಕೇಳು ಎಂದ.

"ಅಪ್ಪಿಯನ್ನು, ಮಕ್ಕಳನ್ನು ನೋಡ್ಬೇಕಾ?" ಎಂದು ಫೌಸ್ಟಿನ್ ಇನ್ನೊಮ್ಮೆ ಕೇಳಿದ. ಅಪ್ಪಿ ಎಂದರೆ ಕೊರಗಪ್ಪನ ಹೆಂಡತಿ. ಆ ಹೆಸರು ಕಿವಿಗೆ ಬಿದ್ದದ್ದೇ ಗಂಡಸು ಗಳಗಳ ಅತ್ತು, ಗೋಣು ಹಾಕುತ್ತ ಹಾಕುತ್ತ ಆಫೀಸರಿಗೇ ಕೈಮುಗಿಯಲು ಹೋದ. ಮುಗಿಯಲು ಇನ್ನೊಂದು ಕೈಯಲ್ಲಿ ಬೆರಳುಗಳಿಲ್ಲದ್ದು ಆಗ ನೆನಪಾಯಿತು. ಇಷ್ಟು ಗೋಣು ಹಾಕುವವನನ್ನು ಯಾವ ಆಫೀಸರು ತಡೆದಾನು? ಫೈಲು ಮುಗಿಯಿತು.

"ಬ್ಯಾರಿಗಳೇ, ನೀವು ಎದ್ದು ಹೇಳ್ಬೇಕಿತ್ತು" ಎಂದು ಪೂವಪ್ಪ ಮಿಷನಿನ ಹಿಂದಿನಿಂದ ಹೇಳಿದ.

"ಎದ್ದು ಬಾಯಿ ತೆರೆಯುವಷ್ಟರಲ್ಲಿ ಫೈಲು ಮುಚ್ಚಿ ಬೇರೆಯವನನ್ನು ಕರೆದಾಯ್ತು ಮಾರಾಯ. ಕೊರಗಪ್ಪ ಹೊರಗೆ ಬಂದು ನಿಮ್ಮ ಲಾಯರನ ಕೈಯನ್ನೇ ಕಣ್ಣಿಗೆ ಒತ್ತಿಕೊಂಡ. ನಾನು ಹೋಗಿ ಎಂತ ಹೇಳ್ಲಿ? ಗೇಟಿನ ಹೊರಗೆ ಸೌದ ಟಿಕೆಟು, ಪಾಸ್‌ಪೋರ್ಟು ಹಿಡಿದು ನಿಂತಿದ್ದ. ಯಲ್ಲಾ ಯಲ್ಲಾ ಅಂತ ಕಾರಿಗೆ ಹತ್ತಿಸಿ ಸೀದಾ ಏರ್‌ಪೋರ್ಟಿಗೆ."

ಮೇ ತಿಂಗಳಲ್ಲಿ ಫೌಸ್ಟಿನ್ ಊರಿಗೆ ಹೋದ. ಆ ಸಲ ಮನೆಯಲ್ಲಿ ಮದುವೆಯಿರಲಿಲ್ಲ, ಮುಷ್ಕರವೂ ಇರಲಿಲ್ಲ. ಮೂರೂ ಪೇಪರು ಪಾಸು. ಅತಿ ಹೆಚ್ಚು ಅಂಕ ಬಂದದ್ದು ಕಾರ್ಮಿಕ ಕಾನೂನಿನಲ್ಲಿ. ವಾದಿ ಅದಾಯ್‌ಗೆ ಫಲಿತಾಂಶ ಬಂದ ದಿನ ಅವನು ನನ್ನ ಅಂಗಡಿಗೆ ಹಲ್ವ ತಂದ. ಉಮರಬ್ಬ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಕಾರ್ಮಿಕ ಕಾನೂನಾ? ಅದಕ್ಕೆ ಪ್ರಾಕ್ಟಿಕಲ್ ಉಂಟು ಅಂತ ಗೊತ್ತಿರ್ಲಿಲ್ಲ ಪೊರ್ಬುಗಳೇ" ಎಂದ. ಫೌಸ್ಟಿನ್‌ನ ಮುಖ ಹಲ್ವ ಸುತ್ತಿದ ಬಿಳಿ ಕಾಗದದ ಬಣ್ಣಕ್ಕೆ ತಿರುಗಿತು. ಆಮೇಲೆ ಶುಕ್ರವಾರದ ಕೋರ್ಟು ನಡೆಯಲಿಲ್ಲ. ಶರ್ಟ್ ಪೀಸಿನ ವ್ಯಾಪಾರ ಸ್ವಲ್ಪ ತಗ್ಗಿತು.

ವಾಲ್ಟರ್ ಅವನಿಗೆ ಲೀಗಲ್ ಆಫೀಸರ್ ಎಂಬ ಹೆಸರು, ಬೇರೆ ಕೋಣೆ, ಏಸಿ ಎಲ್ಲ ಕೊಡುತ್ತೇನೆಂದ. ಮಬೇಲಾದ ಕ್ಯಾಂಪಿನಲ್ಲಿ ಇನ್ನೂ ಇಬ್ಬರು ದೂರು ಕೊಡುವ ಅಂದಾಜಿನಲ್ಲಿದ್ದರು. ಫೌಸ್ಟಿನ್ ಒಪ್ಪಲಿಲ್ಲ. ಅಷ್ಟರಮಟ್ಟಿಗೆ ಅವನನ್ನು ಮೆಚ್ಚಬೇಕು. ತೊಂಬತ್ತರ ಆರಂಭದಲ್ಲಿ ಬೀಗದ ಕೈಯನ್ನು ಮಾವನ ಮೇಜಿನ ಮೇಲಿಟ್ಟು ಊರಿಗೆ ಹೊರಟ. ವಕೀಲಿ ಮಾಡುವುದೇ, ನಿಜವಾದ ವಕೀಲಿ ಎಂದ. ಅದನ್ನು ಎರಡೆರಡು ಸಲ ಹೇಳಿದ. ಪೂವಪ್ಪ ಕೋಟಿನ ಒಳಗೆ ಉಳಿದಿದ್ದ ಕೊನೆಯ ಅಂಚನ್ನೂ ಬಿಚ್ಚಿ ಹೊಲಿದ.

ಆ ವರ್ಷದ ಕೊನೆಗೆ ನಾನೂ ಊರಿಗೆ ಹೋಗಿದ್ದೆ. ಕುವೈತಿನಿಂದ ಜನ ಉಟ್ಟ ಬಟ್ಟೆಯಲ್ಲಿ ಓಡಿ ಬಂದ ವರ್ಷ ಅದು. ಮಂಗಳೂರಿನಲ್ಲಿ ಒಂದು ಅಂಗಡಿಕೋಣೆಯ ಬಾಡಿಗೆ ಕರಾರು ಬರೆಸಬೇಕಿತ್ತು. ಯಾರೋ ಯಾಕೆ, ಫೌಸ್ಟಿನ್‌ನಲ್ಲಿಯೇ ಬರೆಸುವ ಎಂದು ಹುಡುಕಿಕೊಂಡು ಹೋದೆ. ಅದೇ ದೊಡ್ಡ ವಕೀಲರ ಆಫೀಸು, ಅದೇ ಕುರ್ಚಿ. ಅವನಿಗಿಂತ ಎಷ್ಟೋ ಕಿರಿಯ ಜೂನಿಯರುಗಳು ಒಳಗೆ ಸೀನಿಯರರ ಸುತ್ತ ಇದ್ದರು. ಇವನು ಹೊರಗಿನ ಕೋಣೆಯಲ್ಲಿ, ಕೋರ್ಟಿನಿಂದ ಬಂದವನು ಕೋಟನ್ನೂ ತೆಗೆಯದೆ ಕುಳಿತಿದ್ದ. ವಾಯಿದೆ ಕೇಳುವುದು, ಸೀನಿಯರ್ ಬರುತ್ತಿದ್ದಾರೆ ಎಂದು ಜಡ್ಜರಿಗೆ ಹೇಳುವುದು, ಇದು ಅವನ ವಕೀಲಿ.

"ಸ್ವಂತ ಕೇಸು ಎಷ್ಟಾಯ್ತು?" ಎಂದೆ.

"ಒಂದೂ ಆಗ್ಲಿಲ್ಲ. ನಿಮ್ಮ ಕರಾರೇ ಬೋಣಿ."

ಮಾತು ಮುಗಿಯುವುದರೊಳಗೆ ಬಾಗಿಲಲ್ಲಿ ಒಬ್ಬ ಬಂದು ಚಪ್ಪಲಿ ಬಿಟ್ಟ. ಕೊರಗಪ್ಪ. ಬೆಳ್ಮಣ್ಣಿನ ಬಸ್‌ಸ್ಟ್ಯಾಂಡಿನಲ್ಲಿ ಲಾಟರಿ ಟಿಕೆಟು ಮಾರುತ್ತಿದ್ದಾನೆಂದು ಕೇಳಿದ್ದೆ. ಟಿಕೆಟಿನ ಹಲಗೆಯನ್ನು ಕಂಕುಳಲ್ಲಿ ಇರುಕಿಸಿಕೊಂಡೇ ಬಂದಿದ್ದ. ಅವನ ಮುಖ ಹಬ್ಬದ ದಿನದ ಹಾಗಿತ್ತು.

"ಪೊರ್ಬುಗಳೇ! ಕೋಟು ಹಾಕಿ ನಿಜವಾದ ಲಾಯರ್ ಆದ್ರಿ ಅಂತ ಯಾರೋ ಹೇಳಿದ್ರು. ನಮ್ಮವರು ಒಬ್ಬರು ಆದ್ರಲ್ಲ ಅಂತ ಅಪ್ಪಿಗೂ ಖುಷಿ. ಓ, ಭೋಜಣ್ಣನೂ ಇದ್ದಾರೆ!"

ಫೌಸ್ಟಿನ್ ಎದ್ದು ನಿಂತ. ಕುರ್ಚಿ ತೋರಿಸಿದ. ಕೊರಗಪ್ಪ ಕೂರಲಿಲ್ಲ.

"ಕೂರ್ಲಿಕ್ಕೆ ಸಮಯ ಇಲ್ಲ, ಬಸ್ಸಿಗೆ ಹೋಗ್ಬೇಕು. ನನ್ನ ಕೇಸು ನೀವು ಹಿಡೀಬೇಕು. ಅಲ್ಲಿ ಆಗದ್ದು ಇಲ್ಲಿಂದ ಆಗ್ತದಾ ಅಂತ. ವಕಾಲತ್ತಿಗೆ ಸಹಿ ಬೇಕಾದ್ರೆ ಎಡಗೈಯಲ್ಲಿ ಹಾಕ್ಲಿಕ್ಕೆ ಕಲಿತಿದ್ದೇನೆ."

"ಅದು... ಅಲ್ಲಿಯೇ ಮುಗಿದದ್ದು ಕೊರಗಪ್ಪಣ್ಣ. ಇಲ್ಲಿಂದ ಆಗುದಿಲ್ಲ."

"ಆಗುದಿಲ್ವಾ?" ಅವನಿಗೆ ಅದರಿಂದ ಬಹಳ ದುಃಖವಾದಂತೆ ಕಾಣಲಿಲ್ಲ. ಲಾಟರಿ ಮಾರುವವನಿಗೆ ಇಂಥದ್ದು ಅಭ್ಯಾಸವಿರಬೇಕು. ಬಾಗಿಲವರೆಗೆ ಹೋದವನು ತಿರುಗಿದ. "ಒಂದು ಮಾತು ಪೊರ್ಬುಗಳೇ. ಕೇಳ್ಬೇಕು ಕೇಳ್ಬೇಕು ಅಂತ ಆಗ್ತದೆ. ಆ ದಿವಸ ಆ ಆಫೀಸರು ನನ್ನ ಕೈ ನೋಡಿ ಎಂತ ಕೇಳಿದ್ದು?"

ನನಗೆ ಗೊತ್ತಿತ್ತು. ನನಗೆ ಗೊತ್ತಿರುವುದು ಫೌಸ್ಟಿನ್‌ಗೂ ಗೊತ್ತಿತ್ತು. ಒಳಗೆ ಸೀನಿಯರರು ಯಾರಿಗೋ ಜೋರಾಗಿ ಸೆಕ್ಷನ್ ಹೇಳುತ್ತಿದ್ದರು.

"ಊರಿಗೆ ಹೋಗ್ಬೇಕಾ ಅಂತ ಕೇಳಿದ್ದು" ಎಂದ ಫೌಸ್ಟಿನ್.

"ಅಷ್ಟೇಯಾ? ತುಂಬ ಉದ್ದ ಕೇಳಿದ ಹಾಗೆ ಇತ್ತು."

"ಅರಬ್ಬಿ ಅಲ್ವಾ. ಅದರಲ್ಲಿ ಎಲ್ಲ ಉದ್ದವೇ."

"ಹೌದಾ?" ಕೊರಗಪ್ಪ ತಲೆಯಾಡಿಸಿದ. "ಒಳ್ಳೆ ಜನ. ಎರಡು ಸಲ ಕೇಳಿದ್ರು, ಪಾಪ." ಹಲಗೆಯಿಂದ ಒಂದು ಟಿಕೆಟು ಹಲ್ಲಿನಿಂದ ಹರಿದು ಮೇಜಿನ ಮೇಲಿಟ್ಟ. "ನಾಡಿದ್ದು ಡ್ರಾ. ಹಣ ಬೇಡ. ನೀವು ನನಗೆ ಅಷ್ಟು ಮಾಡಿದ್ದೀರಿ."

ಅವನು ಹೋದ ಮೇಲೆ ಫೌಸ್ಟಿನ್ ನನ್ನ ಕರಾರನ್ನು ಬರೆದ. ಒಳ್ಳೆಯ ಅಕ್ಷರ. ಒಂದು ಕಡೆ ನನ್ನ ಹೆಸರು ಬರೆಯಬೇಕಾದಲ್ಲಿ ಕೊರಗಪ್ಪನ ಹೆಸರು ಬರೆದಿದ್ದ. ತಿದ್ದಿಸಿಕೊಂಡೆ.

ಕುವೈತಿನ ಯುದ್ಧ ಮುಗಿಯುವ ಹೊತ್ತಿಗೆ ಫೌಸ್ಟಿನ್ ಮತ್ತೆ ವಾದಿ ಅದಾಯ್‌ನಲ್ಲಿದ್ದ. ಊರಿನಲ್ಲಿ ಕೇಸು ಸಿಗುವುದಿಲ್ಲ, ಜನ ಗಲ್ಫಿನವನೆಂದು ಫೀಸು ಕೊಡುವುದಿಲ್ಲ ಎಂದು ಎಲ್ಲರಿಗೂ ಹೇಳಿದ. ಎರಡೂ ಸುಳ್ಳಲ್ಲ. ಈಗ ಬೇರೆ ಕೋಣೆ, ಏಸಿ, ಬಾಗಿಲ ಮೇಲೆ ಲೀಗಲ್ ಆಫೀಸರ್ ಎಂಬ ಹಲಗೆ. ಕಪಾಟು ಒಂದಿದ್ದದ್ದು ಎರಡಾಗಿತ್ತು. ಮಾವ ಆಫೀಸಿನಲ್ಲೂ ಮಾವನಾಗಿದ್ದ.

ಕೋಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಅಂಗಡಿಗೆ ತಂದ.

"ಇದನ್ನು ಇಲ್ಲಿ ತೂಗಿ ಹಾಕಿ ಭೋಜಣ್ಣ. ಯಾರಾದ್ರೂ ಕೇಳಿದ್ರೆ ಕೊಟ್ಟುಬಿಡಿ."

"ಮಸ್ಕತ್ತಿನಲ್ಲಿ ಯಾರು ಕೇಳ್ತಾರೆ ಮಾರಾಯ?"

"ನನಗೆ ಕೊಟ್ಟವರು ನೀವೇ ಅಲ್ವಾ? ಇನ್ನೊಬ್ಬ ಸಿಗ್ಬಹುದು."

ಮಾತು ನನಗೆ ತಾಗಿತು. ವ್ಯಾಪಾರಿಯಾದವನು ಅಂಥದ್ದನ್ನು ಎತ್ತಿಕೊಳ್ಳಬಾರದು. ಎತ್ತಿಕೊಳ್ಳಲಿಲ್ಲ. ಕೋಟು ಎರಡು ವರ್ಷ ಮೊಳೆಯಲ್ಲಿ ತೂಗಿತು. ದುಬೈಯಿಂದ ಬಂದಾಗ ಎಲ್ಲಿತ್ತೋ ಸುಮಾರು ಅಲ್ಲಿಯೇ.

ತೊಂಬತ್ತಮೂರರಲ್ಲಿ ಒಂದು ಸಂಜೆ ಮಂಗಳೂರು ಕಡೆಯ ರೋಸ್ ಬಾಯಿ ಪರದೆ ಬಟ್ಟೆಗೆ ಬಂದಿದ್ದರು. ಗಂಡ ಬ್ಯಾಂಕಿನಲ್ಲಿ, ತಾವು ಆಸ್ಪತ್ರೆಯಲ್ಲಿ ನರ್ಸು. ಜೊತೆಗೆ ಮಗಳು ಐಡಾ, ಇಂಡಿಯನ್ ಸ್ಕೂಲಿನಲ್ಲಿ ಹನ್ನೆರಡನೆಯದು ಮುಗಿಸಿದವಳು. ಫೌಸ್ಟಿನ್ ಪ್ಯಾಂಟು ಉದ್ದ ಮಾಡಿಸಲು ಬಂದು ನಿಂತಿದ್ದ. ರೋಸ್ ಬಾಯಿಗೆ ಪರದೆ ಮರೆತುಹೋಯಿತು.

"ಫೌಸ್ಟಿನ್, ನೀವು ಸಿಕ್ಕಿದ್ದು ಒಳ್ಳೇದಾಯ್ತು. ಇವಳಿಗೆ ಲಾ ಮಾಡ್ಬೇಕಂತೆ! ಬೆಂಗಳೂರಲ್ಲಿ ಐದು ವರ್ಷದ್ದು ಉಂಟಂತಲ್ಲ. ಇವಳ ಪಪ್ಪ ಬಿ.ಕಾಂ. ಸಾಕು ಅಂತಾರೆ. ಲಾ ಓದಿ ಯಾರ ಆಫೀಸಲ್ಲಿ ಕೂರ್ತಿ ಅಂತ ನಾನು ಕೇಳ್ತೇನೆ. ನೀವು ಹೇಳಿ ಸ್ವಲ್ಪ."

ಐಡಾ ನೇರವಾಗಿ ಅವನನ್ನೇ ನೋಡಿದಳು. "ಅಂಕಲ್, ಈಸ್ ಇಟ್ ವರ್ತ್ ಇಟ್?"

ನಾನು ಪರದೆ ಬಟ್ಟೆ ಅಳೆಯುವುದನ್ನು ನಿಲ್ಲಿಸಿದೆ. ಉಪದೇಶ ಕೊಡುವ ಅವಕಾಶ ಫೌಸ್ಟಿನ್‌ಗೆ ಸಿಕ್ಕಿ ವರ್ಷಗಳಾಗಿದ್ದವು. ಹಳೆಯ ಶುಕ್ರವಾರದ ಬೆರಳು ಈಗ ಮೇಲೇಳುತ್ತದೆ ಎಂದುಕೊಂಡೆ. ಏಳಲಿಲ್ಲ.

"ಓದು" ಎಂದ. "ಆಫೀಸು ಯಾರದ್ದಾದ್ರೂ ಸಿಗ್ತದೆ. ಅರಬ್ಬಿ ಮಾತ್ರ ಕಲೀಬೇಡ."

ಐಡಾ ನಕ್ಕಳು. ರೋಸ್ ಬಾಯಿಯೂ ನಕ್ಕರು. ತಮಾಷೆ ಎಂದುಕೊಂಡರು. ಪೂವಪ್ಪ ನಗದೆ ಮಿಷನಿನ ಚಕ್ರವನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದ. ನಗುತ್ತಲೇ ರೋಸ್ ಬಾಯಿಯ ಕಣ್ಣು ಮೊಳೆಯ ಮೇಲೆ ಹೋಯಿತು.

"ಅದು ಲಾಯರ ಕೋಟಲ್ವಾ? ಒಳ್ಳೆ ಬಟ್ಟೆ. ಇವಳ ಅಳತೆಗೆ ಸಣ್ಣ ಮಾಡಿ ಇಡ್ಬಹುದಾ ಪೂವಪ್ಪ?"

"ಬಟ್ಟೆ ಬೇಕಾದಷ್ಟು ಉಂಟು ಬಾಯಿ. ನಾಲ್ಕು ಸಲ ಬಿಚ್ಚಿದ್ದು—"

"ಅದು ಮಾರಿ ಆಗಿದೆ" ಎಂದ ಫೌಸ್ಟಿನ್.

ರೋಸ್ ಬಾಯಿ ನನ್ನ ಕಡೆ ತಿರುಗಿದರು. ಆ ಕೋಟಿಗೆ ಎರಡು ವರ್ಷದಲ್ಲಿ ಬಂದ ಮೊದಲ ಗಿರಾಕಿ ಅವರು.

"ಹೌದು ಬಾಯಿ, ಮಾರಿ ಆಗಿದೆ. ತಗೊಂಡವರು ಇನ್ನೂ ಬರ್ಲಿಲ್ಲ" ಎಂದೆ.

ಮರುದಿನ ಹೋಟೆಲಿನ ಬ್ಯಾಂಡಿನಲ್ಲಿ ಕಹಳೆ ಊದುವ ಒಬ್ಬ ಗೋವೆಯವನನ್ನು ನಾನೇ ಕರೆದು ಕೇಳಿ, ಅವನಿಗೆ ಕೊಟ್ಟೆ. ಭುಜದಲ್ಲಿ ಸರಿ, ಹೊಟ್ಟೆಯಲ್ಲಿ ಸಡಿಲ. ಊದುವಾಗ ಅಷ್ಟು ಸಡಿಲವಿದ್ದರೇ ಒಳ್ಳೆಯದು ಎಂದ. ಯಾರದ್ದು ಎಂದು ಅವನು ಕೇಳಲಿಲ್ಲ.